ಬಾರ್ಬಡೋಸ್‌ನ ಹಸಿರು ಐದು ಡಾಲರ್: ನೋಟಿನ ಮೇಲಿರೋ ಈ ಕ್ರಿಕೆಟಿಗನ ಕಥೆ ಏನು, ನಾನು ಕೊಟ್ಟ ದುಡ್ಡು ಜಾಸ್ತಿಯಾಯ್ತಾ?

ಚಿಲ್ಲರೆಗೌಡ:

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ನಾಣ್ಯದವನು. ಮೈಸೂರು ಒಡೆಯರ ಕಾಲದ ತಾಮ್ರದ ಕಾಸು ಬಿಟ್ಟು ಬೇರೆ ಕಡೆ ತಲೆ ಹಾಕಿದವನಲ್ಲ. ಹೋದ ಭಾನುವಾರ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಮೂಲೆಯ ಟೇಬಲ್‌ನಲ್ಲಿ ಒಂದು ಹಸಿರು ನೋಟು ಕಣ್ಣಿಗೆ ಬಿತ್ತು. ಸೆಂಟ್ರಲ್ ಬ್ಯಾಂಕ್ ಆಫ್ ಬಾರ್ಬಡೋಸ್, ಐದು ಡಾಲರ್. ಬಲಗಡೆ ಒಬ್ಬರ ಚಿತ್ರ, ಎಡಕ್ಕೆ ಸರಿದಂತೆ ಒಂದು ಲಾಂಛನ, ಅದರ ಒಂದು ಪಕ್ಕ ಮೀನು, ಇನ್ನೊಂದು ಪಕ್ಕ ಹಕ್ಕಿ. ಹಿಂಬದಿಯಲ್ಲಿ ಯಾವುದೋ ಪೇಟೆಯ ಚೌಕ. ಮಾರುವವರು “ವೆಸ್ಟ್ ಇಂಡೀಸ್ ನೋಟು ಸಾರ್, ಕ್ರಿಕೆಟರ್ ಫೋಟೋ ಇದೆ, ಇನ್ನೆಲ್ಲೂ ಸಿಗಲ್ಲ” ಅಂದ್ರು. 900 ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ನೋಡಿದ್ರೆ ಅದು ಸರ್ ಫ್ರಾಂಕ್ ವೊರೆಲ್. ಹೆಸರು ಕೇಳಿದ್ದೀನಿ, ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಆಡೋ ಟ್ರೋಫಿಗೆ ಅದೇ ಹೆಸರು. ಅದರಾಚೆ ಏನೂ ಗೊತ್ತಿಲ್ಲ. ಸಹಿ ಮೇರಿಯನ್ ವಿಲಿಯಮ್ಸ್ ಅಂತಿದೆ. ಯಾವ ಕಾಲದ್ದು, ಎಷ್ಟು ಅಪರೂಪ, ದೇಶದ ನೋಟಿನ ಮೇಲೆ ಕ್ರಿಕೆಟಿಗ ಯಾಕೆ ಬಂದ? ಬೈಯೋದಿದ್ರೆ ಬೈದೇ ಹೇಳಿ.

ಕಾಗದದ ಕಾಸು:

ಬೈಯಲ್ಲ, ನನ್ನ ಮೊದಲ ವಿದೇಶಿ ನೋಟಿಗೆ ನಾನು ಇದಕ್ಕಿಂತ ಚೆನ್ನಾಗಿ ಮೋಸ ಹೋಗಿದ್ದೆ. ಆದರೆ ಲೆಕ್ಕ ಕೇಳಿ. ಬಾರ್ಬಡೋಸ್ ಡಾಲರ್ 1975ರ ಜುಲೈನಿಂದಲೂ ಅಮೆರಿಕನ್ ಡಾಲರಿಗೆ ಕಟ್ಟಿ ಹಾಕಿದ ಕರು. ಬಾರ್ಬಡೋಸಿನ ಎರಡಕ್ಕೆ ಅಮೆರಿಕದ ಒಂದು. ಹಾಗಾಗಿ ನಿಮ್ಮ ಕೈಲಿರೋದು ಎರಡೂವರೆ ಅಮೆರಿಕನ್ ಡಾಲರ್, ಇನ್ನೂರು ರೂಪಾಯಿ ಮೇಲೆ ಸ್ವಲ್ಪ. ಗರಿಗರಿಯಾಗಿದ್ದರೆ ಸಂಗ್ರಹಕಾರರು ಅದರ ಮೇಲೆ ಇನ್ನಷ್ಟು ಕೊಡ್ತಾರೆ ನಿಜ, ಆದರೆ “ಇನ್ನೆಲ್ಲೂ ಸಿಗಲ್ಲ” ಅನ್ನೋದು ಸುಳ್ಳು.

ಕಾಲ ಹಿಡಿಯೋದು ಸುಲಭ. ಈ ನೋಟುಗಳಲ್ಲಿ ಗವರ್ನರ್ ಸಹಿಯೇ ಜಾತಕ. ಮೇರಿಯನ್ ವಿಲಿಯಮ್ಸ್ 1999ರಿಂದ 2009ರವರೆಗೆ ಇದ್ದವರು, ಆ ಬ್ಯಾಂಕಿನ ಗವರ್ನರ್ ಆದ ಮೊದಲ ಮಹಿಳೆ. ಅಂದರೆ ನಿಮ್ಮದು ಆ ಹತ್ತು ವರ್ಷದ ಒಳಗಿನದು.

ಸ್ವಲ್ಪ ಹಿಂದಿನ ಕಥೆ. 1973ಕ್ಕೆ ಮೊದಲು ಬಾರ್ಬಡೋಸ್‌ಗೆ ಸ್ವಂತ ಕೇಂದ್ರ ಬ್ಯಾಂಕಿನ ನೋಟಿರಲಿಲ್ಲ. ಸುತ್ತಮುತ್ತಲ ಬ್ರಿಟಿಷ್ ದ್ವೀಪಗಳೆಲ್ಲ ಸೇರಿ ಒಂದೇ ಹಣ ಬಳಸ್ತಿದ್ದವು, ಅದರ ಮೇಲೆ ರಾಣಿ ಎಲಿಜಬೆತ್. ಸ್ವಾತಂತ್ರ್ಯ ಬಂದಿದ್ದು 1966ರ ನವೆಂಬರ್ 30ಕ್ಕೆ, ಕೇಂದ್ರ ಬ್ಯಾಂಕ್ ಆಗಿದ್ದು 1972ರಲ್ಲಿ, ಸ್ವಂತ ನೋಟು ಹೊರಬಂದಿದ್ದು 1973ರ ಡಿಸೆಂಬರ್‌ನಲ್ಲಿ. ಇಲ್ಲಿ ಗಮನಿಸಬೇಕಾದ್ದು: ಆಗಲೂ ಆ ದೇಶದ ರಾಣಿ ಎಲಿಜಬೆತ್ತೇ. 2021ರ ನವೆಂಬರ್ 30ಕ್ಕೆ ಗಣರಾಜ್ಯ ಆಗೋವರೆಗೂ ಆಕೆಯೇ. ಆದರೂ ಕೇಂದ್ರ ಬ್ಯಾಂಕಿನ ನೋಟಿನ ಮೇಲೆ ಆಕೆಯ ಮುಖ ಹಾಕಲೇ ಇಲ್ಲ. ತಮ್ಮ ಊರಿನವರನ್ನೇ ಹಾಕಿದರು.

ಐದು ಡಾಲರಿನಲ್ಲಿ ಸಂಗ್ರಹಕಾರರಿಗೆ ನಿಜವಾಗಿ ಬೇಕಾದ್ದು ಎರಡು. ಒಂದು, 1973ರ ಮೊದಲ ಐದು ಡಾಲರ್, ಅದರಲ್ಲಿ ವೊರೆಲ್ ಇಲ್ಲ, ಸ್ಯಾಮ್ಯುಯೆಲ್ ಜಾಕ್ಮನ್ ಪ್ರೆಸ್ಕಾಡ್ ಇದ್ದಾರೆ. ಇನ್ನೊಂದು, 1975ರಲ್ಲಿ ಬಂದ ಮೊದಲ ವೊರೆಲ್ ನೋಟು, ಮೊದಲ ಗವರ್ನರ್ ಕೋರ್ಟ್ನಿ ಬ್ಲ್ಯಾಕ್‌ಮನ್ ಸಹಿಯದು. ಇವೆರಡು ಮಡಿಕೆ ಇಲ್ಲದೆ ಸಿಕ್ಕಿದರೆ ನಾನೂ ಜೇಬಿಗೆ ಕೈ ಹಾಕ್ತೀನಿ.

ಅಂಚೆಚೀಟಿ ಅಕ್ಕ:

ನೋಟಿನವರೆಲ್ಲ ಬೆಲೆ, ಸಹಿ, ಸಂಖ್ಯೆ ಅಂತಲೇ ಕೂರ್ತೀರಿ. ಆ ಲಾಂಛನ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ ಗೌಡ್ರೆ. ಗುರಾಣಿಯ ಮೇಲೆ ಎರಡು ಹೂವು ಇದೆಯಲ್ಲ, ಅದು ಪ್ರೈಡ್ ಆಫ್ ಬಾರ್ಬಡೋಸ್, ಅವರ ರಾಷ್ಟ್ರೀಯ ಹೂವು. ಹೆಸರು ಕೇಳಿ ಏನೋ ಅಪೂರ್ವ ಅಂದುಕೊಳ್ಳಬೇಡಿ, ಅದು ನಮ್ಮ ರತ್ನಗಂಧಿ! ನಮ್ಮಜ್ಜಿ ಮನೆ ಬೇಲಿಯಲ್ಲಿ ಬೆಳೀತಿತ್ತು, ಬೆಳಿಗ್ಗೆ ಪೂಜೆಗೆ ನಾನೇ ಕಿತ್ತು ತರ್ತಿದ್ದೆ.

ಹೂವಿನ ನಡುವೆ ಇರೋ ಮರ ಇನ್ನೂ ಸ್ವಾರಸ್ಯ. ಅದು ಆಲದ ಜಾತಿಯದೇ, ಬಿಳಲು ಬಿಡೋ ಮರ. ಪೋರ್ಚುಗೀಸರು ಆ ಬಿಳಲು ನೋಡಿ ‘ಗಡ್ಡದವರು’ ಅನ್ನೋ ಅರ್ಥದಲ್ಲಿ ‘ಲೋಸ್ ಬಾರ್ಬಡೋಸ್’ ಅಂದರು ಅಂತ ಅಲ್ಲಿ ಹೇಳ್ತಾರೆ. ಅಂದರೆ ಒಂದು ಇಡೀ ದೇಶದ ಹೆಸರು ಆಲದ ಬಿಳಲಿನಿಂದ ಬಂದದ್ದು. ಮೇಲೆ ಒಂದು ಕೈ ಎರಡು ಕಬ್ಬಿನ ಜಲ್ಲೆ ಹಿಡಿದಿದೆ, ಅಡ್ಡಡ್ಡ, ಇಂಟು ಗುರುತಿನ ಹಾಗೆ. ಅದು ಸೇಂಟ್ ಆಂಡ್ರೂನ ಶಿಲುಬೆ, ಯಾಕಂದ್ರೆ ಅವರ ಸ್ವಾತಂತ್ರ್ಯದ ದಿನ ನವೆಂಬರ್ 30 ಆ ಸಂತನ ಹಬ್ಬ. ಪಕ್ಕದ ಮೀನು ಡಾಲ್ಫಿನ್ ಫಿಶ್, ಮೀನುಗಾರಿಕೆಯ ಗುರುತು. ಹಕ್ಕಿ ಪೆಲಿಕನ್, ರಾಜಧಾನಿ ಬ್ರಿಡ್ಜ್‌ಟೌನ್ ಎದುರಿಗೇ ಪೆಲಿಕನ್ ದ್ವೀಪ ಅಂತ ಒಂದಿತ್ತು, ಬಂದರು ಕಟ್ಟುವಾಗ ಅದು ದಡಕ್ಕೆ ಸೇರಿಹೋಯ್ತು. ಕೆಳಗಿನ ಪಟ್ಟಿಯಲ್ಲಿರೋ ಧ್ಯೇಯವಾಕ್ಯಕ್ಕೆ ‘ಹೆಮ್ಮೆ ಮತ್ತು ದುಡಿಮೆ’ ಅಂತ ಅರ್ಥ.

ಕಬ್ಬಿನ ಗದ್ದೆ:

ಅಕ್ಕಾ, ಪೆಲಿಕನ್ ಅಂದ್ರೆ ನಮ್ಮ ಹೆಜ್ಜಾರ್ಲೆ. ಕೊಕ್ಕರೆ ಬೆಳ್ಳೂರಿಗೆ ಬನ್ನಿ, ಮದ್ದೂರು ಪಕ್ಕ, ಮರದ ತುಂಬ ತೋರಿಸ್ತೀವಿ. ಕಬ್ಬೂ ನಮ್ದೇ, ಆಲನೂ ನಮ್ದೇ, ಹಕ್ಕಿನೂ ನಮ್ದೇ. ಲಾಂಛನ ಮಂಡ್ಯಕ್ಕೇ ಕೊಡ್ಬಹುದಿತ್ತು.

ಹಳೇ ಆಫ್‌ಸ್ಪಿನ್ನರ್:

ವೊರೆಲ್ ಬಗ್ಗೆ ನಾಲ್ಕು ಮಾತು ಹೇಳ್ತೀನಿ, ಉದ್ದ ಆದರೆ ಕ್ಷಮಿಸಿ. ವಯಸ್ಸಾದವರಿಗೆ ಕ್ರಿಕೆಟ್ ಮಾತು ಬಂದರೆ ಬಾಯಿ ಮುಚ್ಚೋದು ಕಷ್ಟ.

ಹುಟ್ಟಿದ್ದು 1924ರ ಆಗಸ್ಟ್ 1, ಬ್ರಿಡ್ಜ್‌ಟೌನ್ ಹತ್ತಿರ. ಅದೇ ಸುತ್ತಿನಲ್ಲಿ ಹದಿನೆಂಟು ತಿಂಗಳ ಒಳಗೆ ಇನ್ನಿಬ್ಬರು ಹುಟ್ಟಿದರು: ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್. ಮೂವರ ಹೆಸರೂ ಇಂಗ್ಲಿಷ್‌ನ ‘ಡಬ್ಲ್ಯೂ’ ಅಕ್ಷರದಿಂದ ಶುರು, ಅದಕ್ಕೇ ತ್ರೀ ಡಬ್ಲ್ಯೂಸ್. ವೊರೆಲ್ 51 ಟೆಸ್ಟ್ ಆಡಿ 3860 ರನ್ ಮಾಡಿದರು, ಸರಾಸರಿ 49.48, ಒಂಬತ್ತು ಶತಕ, ಜೊತೆಗೆ 69 ವಿಕೆಟ್. 1950ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ಹೊಡೆದ 261 ಅವರ ಅತ್ಯಧಿಕ. ಅಂಕಿಅಂಶ ಚೆನ್ನಾಗಿದೆ, ಆದರೆ ಬರೀ ಅಂಕಿಯಿಂದ ಯಾರೂ ನೋಟಿನ ಮೇಲೆ ಬರಲ್ಲ.

ಆಗಿನ ವೆಸ್ಟ್ ಇಂಡೀಸ್ ಹೇಗಿತ್ತು ಅಂದರೆ, ರನ್ ಹೊಡೆಯೋರು ಕಪ್ಪು ಜನ, ವಿಕೆಟ್ ಕೀಳೋರು ಕಪ್ಪು ಜನ, ನಾಯಕ ಮಾತ್ರ ಬಿಳಿಯನಾಗಿರಬೇಕು. ಜಾರ್ಜ್ ಹೆಡ್ಲಿ 1948ರಲ್ಲಿ ಒಂದೇ ಒಂದು ಟೆಸ್ಟಿಗೆ ನಾಯಕರಾಗಿದ್ದರು, ಅಷ್ಟೇ. ಇಡೀ ಸರಣಿಗೆ ಅಂತ ನಾಯಕತ್ವ ಸಿಕ್ಕ ಮೊದಲ ಕಪ್ಪು ಆಟಗಾರ ವೊರೆಲ್, 1960–61ರ ಆಸ್ಟ್ರೇಲಿಯಾ ಪ್ರವಾಸಕ್ಕೆ. ಅದಕ್ಕೂ ಟ್ರಿನಿಡಾಡ್‌ನಲ್ಲಿ ಲೇಖಕ ಸಿ. ಎಲ್. ಆರ್. ಜೇಮ್ಸ್ ಪತ್ರಿಕೆಯಲ್ಲಿ ಬರೆದು ಬರೆದು ಹೋರಾಡಬೇಕಾಯ್ತು. ಆಗ ವೊರೆಲ್‌ಗೆ 36 ವರ್ಷ, ಆಟಗಾರನಾಗಿ ಸಂಜೆಯ ಹೊತ್ತು.

ಮೊದಲ ಟೆಸ್ಟ್, ಬ್ರಿಸ್ಬೇನ್, ಡಿಸೆಂಬರ್ 14. ಕೊನೆ ಓವರ್, ಆಗ ಓವರಿಗೆ ಎಂಟು ಎಸೆತ. ಆಸ್ಟ್ರೇಲಿಯಾಕ್ಕೆ ಆರು ರನ್ ಬೇಕು, ಮೂರು ವಿಕೆಟ್ ಇದೆ. ಬೌಲರ್ ವೆಸ್ ಹಾಲ್. ಒಂದು ಕ್ಯಾಚು, ಒಂದು ರನೌಟು. ಕೊನೆಗೆ ಸ್ಕೋರು ಸಮ ಆಗಿದೆ, ಜೋ ಸಾಲಮನ್ ಪಕ್ಕದಿಂದ ಒಂದೇ ಒಂದು ಸ್ಟಂಪ್ ಕಾಣೋ ಕೋನದಿಂದ ಎಸೆದು ಬೇಲ್ ಹಾರಿಸಿದ. ಟೆಸ್ಟ್ ಇತಿಹಾಸದ ಮೊದಲ ಟೈ. ಈ ಸಾಲಮನ್ ಗಯಾನಾದವನು, ಭಾರತ ಮೂಲದವನು, ಅದನ್ನ ನಮ್ಮವರು ಮರೆತೇಬಿಡ್ತಾರೆ.

ಸರಣಿ ಆಸ್ಟ್ರೇಲಿಯಾ 2–1ರಲ್ಲಿ ಗೆದ್ದಿತು. ಸೋತ ತಂಡವನ್ನ ಮೆಲ್ಬರ್ನ್ ಜನ ತೆರೆದ ಕಾರಿನಲ್ಲಿ ಕೂರಿಸಿ, ರಸ್ತೆ ತುಂಬ ನಿಂತು ಬೀಳ್ಕೊಟ್ಟರು. ಟ್ರೋಫಿಗೆ ವೊರೆಲ್ ಹೆಸರಿಟ್ಟಿದ್ದೂ ಆಸ್ಟ್ರೇಲಿಯಾದವರೇ, ಆ ಟೈ ಪಂದ್ಯದ ಚೆಂಡನ್ನೇ ಅದರಲ್ಲಿ ಕೂರಿಸಿದರು. 1963ರಲ್ಲಿ ಇಂಗ್ಲೆಂಡಿಗೆ ಹೋಗಿ 3–1ರಲ್ಲಿ ಗೆದ್ದು ಆಟ ಬಿಟ್ಟರು. 1964ರಲ್ಲಿ ‘ಸರ್’ ಆದರು. 1967ರ ಮಾರ್ಚ್ 13, ರಕ್ತದ ಕ್ಯಾನ್ಸರ್. 42 ವರ್ಷ, ಅಷ್ಟೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಮರಣೆಯ ಪ್ರಾರ್ಥನೆ ನಡೀತು. ಒಬ್ಬ ಆಟಗಾರನಿಗೆ ಅಲ್ಲಿ ಹಾಗೆ ನಡೆದದ್ದು ಅದೇ ಮೊದಲು.

ಚಿಲ್ಲರೆಗೌಡ:

ಸಾರ್, ಇಷ್ಟು ಗೊತ್ತಿದ್ರೆ 900 ಕೊಟ್ಟಿದ್ದಕ್ಕೆ ಹೊಟ್ಟೆ ಉರೀತಿರಲಿಲ್ಲ. ಒಂದು ಪ್ರಶ್ನೆ. ವಾಟ್ಸಾಪ್‌ನಲ್ಲಿ ಒಬ್ಬರು ಕಳಿಸಿದ್ರು: “ಟೆಸ್ಟ್ ಪಂದ್ಯದಲ್ಲಿ ನಾರಿ ಕಾಂಟ್ರಾಕ್ಟರ್ ತಲೆ ಒಡೆದಾಗ ವೊರೆಲ್ ಒಬ್ಬನೇ ರಕ್ತ ಕೊಟ್ಟು ಪ್ರಾಣ ಉಳಿಸಿದ, ಅದಕ್ಕೇ ನೋಟಿನ ಮೇಲೆ ಹಾಕಿದರು” ಅಂತ. ನಿಜವಾ?

ಹಳೇ ಆಫ್‌ಸ್ಪಿನ್ನರ್:

ಕಾಲು ಭಾಗ ನಿಜ. ಬಿಡಿಸಿ ಹೇಳ್ತೀನಿ.

1962ರ ಮಾರ್ಚ್. ಅದು ಟೆಸ್ಟ್ ಅಲ್ಲ, ಬಾರ್ಬಡೋಸ್ ವಿರುದ್ಧದ ಪ್ರವಾಸ ಪಂದ್ಯ, ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್‌ಟನ್ ಓವಲ್‌ನಲ್ಲಿ. ಚಾರ್ಲಿ ಗ್ರಿಫಿತ್ ಎಸೆತ ಭಾರತದ ನಾಯಕ ಕಾಂಟ್ರಾಕ್ಟರ್ ತಲೆಬುರುಡೆಗೆ ಬಡೀತು. ಆಗ ಹೆಲ್ಮೆಟ್ ಎಲ್ಲಿತ್ತು? ಅದೇ ಪಂದ್ಯದಲ್ಲಿ ಗ್ರಿಫಿತ್ ಬೌಲ್ ಮಾಡದೆ ತೋಳು ಮಡಚಿ ಚೆಂಡನ್ನ ಎಸೀತಾನೆ ಅಂತ ಅಂಪೈರ್ ನೋಬಾಲ್ ಕೂಡ ಕೂಗಿದ್ದರು. ಆಸ್ಪತ್ರೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆ, ರಕ್ತ ಬೇಕಾಯ್ತು. ವೊರೆಲ್ ಎದುರಾಳಿ ದೇಶದ ನಾಯಕ, ಬಂದು ಕೊಟ್ಟರು. ಅವರೊಬ್ಬರೇ ಅಲ್ಲ. ಪಾಲಿ ಉಮ್ರಿಗರ್, ಚಂದು ಬೋರ್ಡೆ, ಬಾಪು ನಾಡಕರ್ಣಿ ಕೂಡ ಕೊಟ್ಟರು. ನಮ್ಮವರ ಹೆಸರು ಬಿಟ್ಟು ಕಥೆ ಹೇಳೋದು ಅನ್ಯಾಯ. ಕಾಂಟ್ರಾಕ್ಟರ್ ಉಳಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. ಮುಂದಿನ ಟೆಸ್ಟಿಗೆ 21 ವರ್ಷದ ಪಟೌಡಿ ನಾಯಕ.

ಆ ಪ್ರವಾಸದ ತಂಡದಲ್ಲಿ ನಮ್ಮ ಇ. ಎ. ಎಸ್. ಪ್ರಸನ್ನ ಇದ್ದರು, ಆಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಹುಡುಗ. ಜಮೈಕಾದ ಕಿಂಗ್‌ಸ್ಟನ್ ಟೆಸ್ಟ್ ಆಡಿದರು. ವಾಪಸು ಬಂದು ಓದು ಅಂತ ಕೂತರು, ಮುಂದಿನ ಟೆಸ್ಟ್ 1967ರಲ್ಲಿ, ಅದೂ ವೆಸ್ಟ್ ಇಂಡೀಸ್ ವಿರುದ್ಧವೇ. 1962ರ ಸರಣಿ ನಾವು 5–0 ಸೋತದ್ದು ಬೇರೆ ಮಾತು, ಹೇಳದಿದ್ದರೂ ನಡೀತದೆ.

ಇನ್ನು ‘ಅದಕ್ಕೇ ನೋಟಿನ ಮೇಲೆ ಹಾಕಿದರು’ ಅನ್ನೋದು ಶುದ್ಧ ಸುಳ್ಳು. ಆ ರಕ್ತವನ್ನ ನೆನಪಿಟ್ಟುಕೊಂಡದ್ದು ಬಂಗಾಳ. ಅಲ್ಲಿನ ಕ್ರಿಕೆಟ್ ಸಂಸ್ಥೆ 1981ರಿಂದ ಫೆಬ್ರವರಿ 3ನ್ನ ಫ್ರಾಂಕ್ ವೊರೆಲ್ ದಿನ ಅಂತ ಮಾಡಿ ರಕ್ತದಾನ ಶಿಬಿರ ನಡೆಸ್ತದೆ. ಬಾರ್ಬಡೋಸ್‌ನವರಿಗೆ ವೊರೆಲ್ ಅಂದರೆ ಬೇರೆಯೇ, ನಾಯಕತ್ವದ ಬಾಗಿಲು ಒದ್ದು ತೆರೆದವನು.

ಧಾರವಾಡ ಪೇಡೆ:

ಎಲ್ಲಾ ಖರೆ ಅದ ರೀ, ಆದ್ರ ನನಗೊಂದು ತಕರಾರು ಅದ. ಬಾರ್ಬಡೋಸ್ ಅಂದ್ರ ಗ್ಯಾರಿ ಸೋಬರ್ಸ್. 365 ಹೊಡದಾವ, ಒಂದ ಓವರ್‌ನ್ಯಾಗ ಆರು ಸಿಕ್ಸರ್ ಎತ್ತಿದಾವ, ಎಡಗೈಲೆ ಫಾಸ್ಟೂ ಹಾಕ್ತಿದ್ದ, ಸ್ಪಿನ್ನೂ ಹಾಕ್ತಿದ್ದ. ಅಂವನ್ನ ಬಿಟ್ಟು ವೊರೆಲ್‌ನ ಯಾಕ ಹಾಕ್ಯಾರ? ನಾಯಕ ಅಂತಂದ್ರ ಸೋಬರ್ಸೂ ನಾಯಕ ಆಗಿದ್ದಾನಲ್ಲ?

ಕಾಗದದ ಕಾಸು:

ಒಳ್ಳೆ ಪ್ರಶ್ನೆ ಪೇಡೆಯವರೆ, ಇದರಲ್ಲಿ ಒಂದು ತಮಾಷೆಯ ಗಂಟು ಇದೆ. 1998ರಲ್ಲಿ ಬಾರ್ಬಡೋಸ್ ಹತ್ತು ಜನರನ್ನ ಅಧಿಕೃತವಾಗಿ ರಾಷ್ಟ್ರೀಯ ವೀರರು ಅಂತ ಘೋಷಿಸಿತು. ಅದರಲ್ಲಿ ಸೋಬರ್ಸ್ ಇದ್ದಾರೆ, ವೊರೆಲ್ ಇಲ್ಲ! 2021ರಲ್ಲಿ ಗಾಯಕಿ ರಿಹಾನಾ ಹನ್ನೊಂದನೆಯವರಾಗಿ ಸೇರಿದರು, ಆಗಲೂ ವೊರೆಲ್ ಸೇರಲಿಲ್ಲ. ಸೋಬರ್ಸ್‌ಗೆ ವೀರ ಪಟ್ಟ ಇದೆ, ನೋಟಿಲ್ಲ. ವೊರೆಲ್‌ಗೆ ನೋಟಿದೆ, ಪಟ್ಟ ಇಲ್ಲ. ನೋಟು ಬಂದಿದ್ದು 1975ರಲ್ಲಿ, ವೊರೆಲ್ ತೀರಿಕೊಂಡು ಎಂಟು ವರ್ಷಕ್ಕೆ. ಸೋಬರ್ಸ್ ಟೆಸ್ಟ್ ಆಟ ಬಿಟ್ಟು ಆಗ ಒಂದು ವರ್ಷ ಆಗಿತ್ತು ಅಷ್ಟೇ.

ಬೇರೆ ನೋಟುಗಳ ಸಾಲು ನೋಡಿದರೆ ವೊರೆಲ್ ಯಾರ ಜೊತೆ ಕೂತಿದ್ದಾರೆ ಅಂತ ಗೊತ್ತಾಗ್ತದೆ. ಇಪ್ಪತ್ತರಲ್ಲಿ ಪ್ರೆಸ್ಕಾಡ್, 1843ರಲ್ಲಿ ಅಲ್ಲಿನ ಶಾಸನಸಭೆಗೆ ಆಯ್ಕೆಯಾದ ಮೊದಲ ಬಿಳಿಯೇತರ. ಹತ್ತರಲ್ಲಿ ಚಾರ್ಲ್ಸ್ ಡಂಕನ್ ಓನೀಲ್, ಬಡವರ ಪರ ನಿಂತು 1924ರಲ್ಲಿ ಡೆಮಾಕ್ರಟಿಕ್ ಲೀಗ್ ಕಟ್ಟಿದ ವೈದ್ಯ. ನೂರರಲ್ಲಿ ಗ್ರಾಂಟ್ಲಿ ಆಡಮ್ಸ್, ಐವತ್ತರಲ್ಲಿ ಮೊದಲ ಪ್ರಧಾನಿ ಎರೋಲ್ ಬ್ಯಾರೋ. ಈ ನಾಲ್ವರೂ ರಾಜಕೀಯದವರು, ನಾಲ್ವರೂ ಆ ಹತ್ತು ವೀರರಲ್ಲಿ ಸೇರಿದವರು. ಉಳಿದದ್ದು ಐದರ ಕ್ರಿಕೆಟಿಗ ಮತ್ತು ಎರಡರ ಕಬ್ಬಿನ ವಿಜ್ಞಾನಿ. ನನಗಂತೂ ಈ ಇಬ್ಬರೇ ಹೆಚ್ಚು ಇಷ್ಟ.

ಇನ್ನೊಂದು ವಿಚಿತ್ರ. ವೊರೆಲ್ ಬಾರ್ಬಡೋಸ್‌ನಲ್ಲಿ ನೆಮ್ಮದಿಯಾಗಿ ಇದ್ದವರೇ ಅಲ್ಲ. 1947ರಲ್ಲೇ ಜಮೈಕಾಕ್ಕೆ ಹೋಗಿಬಿಟ್ಟರು. ಮಂಡಳಿ ಜೊತೆ ಸಂಭಾವನೆ ಜಗಳ ಮಾಡಿ 1948–49ರ ಭಾರತ ಪ್ರವಾಸಕ್ಕೇ ಬರಲಿಲ್ಲ, ಆಮೇಲೆ ಕಾಮನ್‌ವೆಲ್ತ್ ತಂಡದ ಜೊತೆ ಬಂದು ಇಲ್ಲಿ ರನ್ ಗುಡ್ಡೆ ಹಾಕಿದರು. ಮ್ಯಾಂಚೆಸ್ಟರ್‌ನಲ್ಲಿ ಪದವಿ ಓದಿದರು. ಜಮೈಕಾದ ಸೆನೆಟ್ ಸದಸ್ಯರಾದರು. ಸತ್ತಿದ್ದೂ ಕಿಂಗ್‌ಸ್ಟನ್‌ನಲ್ಲೇ. ಮಣ್ಣು ಮಾಡಿದ್ದು ಮಾತ್ರ ಬಾರ್ಬಡೋಸ್‌ನಲ್ಲಿ. ಬದುಕಿದ್ದಾಗ ಊರು ಬಿಟ್ಟು ಹೋದವನನ್ನ ಸತ್ತ ಮೇಲೆ ಎಲ್ಲರ ಜೇಬಿಗೆ ಹಾಕಿಕೊಂಡರು ನೋಡಿ.

ಕಡಲ ಮಾಣಿ:

ಎಂಥ ಮಾರಾಯ್ರೆ, ಇಷ್ಟು ಮಾತಾಡ್ತಾ ಇದ್ದೀರಿ, ನನ್ನನ್ನ ಕೇಳಬಾರದಾ? ನಾನು ಪ್ರವಾಸಿ ಹಡಗಿನಲ್ಲಿ ಅಡುಗೆ ವಿಭಾಗದಲ್ಲಿ ಏಳು ವರ್ಷ ಇದ್ದೆ, ಬ್ರಿಡ್ಜ್‌ಟೌನ್ ಬಂದರಿಗೆ ಎಷ್ಟು ಸಲ ಹೋಗಿದ್ದೇನೆ ಲೆಕ್ಕ ಇಲ್ಲ. ಅಲ್ಲಿ ಅಮೆರಿಕನ್ ಡಾಲರ್ ಕೊಟ್ಟರೂ ತಗೊಳ್ತಾರೆ, ಚಿಲ್ಲರೆ ಮಾತ್ರ ಅವರ ನೋಟಲ್ಲೇ ಬರ್ತದೆ. ಹಾಗಾಗಿ ನನ್ನ ಪರ್ಸಲ್ಲಿ ಯಾವಾಗಲೂ ಒಂದೆರಡು ವೊರೆಲ್ ಇರ್ತಿದ್ದರು. ಅದರಲ್ಲಿ ಮೀನು ಫ್ರೈ, ತಣ್ಣಗೆ ಒಂದು ಬಾಟ್ಲಿ. 900 ರೂಪಾಯಿ ಅಂತ ಗೊತ್ತಿದ್ದರೆ ಒಂದು ಕಟ್ಟು ತರ್ತಿದ್ದೆ!

ಒಂದು ಸಲ ಟ್ಯಾಕ್ಸಿಯವನಿಗೆ ಐದು ಡಾಲರ್ ತೋರಿಸಿ “ಇವರು ಕ್ರಿಕೆಟರ್ ಅಲ್ವಾ” ಅಂದೆ. ಆತ ಇಂಡಿಯಾದವನಾ ಅಂತ ಕೇಳಿ, ಸೀದಾ ಕೇವ್ ಹಿಲ್‌ಗೆ ಕರ್ಕೊಂಡು ಹೋದ. ಅದು ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜಾಗ. ಅಲ್ಲೊಂದು ಮೈದಾನ, ತ್ರೀ ಡಬ್ಲ್ಯೂಸ್ ಓವಲ್. ಅದರ ಹತ್ತಿರವೇ ವೊರೆಲ್ ಸಮಾಧಿ. ವಾಲ್ಕಾಟ್ ಸಮಾಧಿಯೂ ಅಲ್ಲೇ, ಮತ್ತೆ 2020ರಲ್ಲಿ ವೀಕ್ಸ್ ತೀರಿಹೋದ ಮೇಲೆ ಅವರನ್ನೂ ಅಲ್ಲೇ ಮಲಗಿಸಿದರಂತೆ. ಮೂರು ಜನ ಒಟ್ಟಿಗೆ, ಎದುರಿಗೆ ಪಿಚ್ಚು. ಟ್ಯಾಕ್ಸಿಯವ ಕಾಯೋ ಹೊತ್ತಿಗೆ ದುಡ್ಡು ತಗೊಳ್ಳಲಿಲ್ಲ, ಹೋಗಿಬರೋದಕ್ಕೆ ತಗೊಂಡ.

ಆ ಮೈದಾನ ಆಮೇಲೆ ನೋಟಿನ ಹಿಂದೆಯೇ ಬಂತು ಗೊತ್ತುಂಟಾ? 2013ರ ಹೊಸ ಐದು ಡಾಲರ್‌ನಲ್ಲಿ ನೋಡಿ.

ಕಾಗದದ ಕಾಸು:

ಮಾಣಿ ಹೇಳಿದ್ದು ಸರಿ. ಅಲ್ಲಿವರೆಗೆ ಎಲ್ಲ ನೋಟಿನ ಹಿಂದೆಯೂ ಒಂದೇ ಚಿತ್ರ ಇರ್ತಿತ್ತು, ಗೌಡ್ರು ಹೇಳಿದ ಆ ಚೌಕ. 2013ರಲ್ಲಿ ಮೊದಲ ಬಾರಿಗೆ ಒಂದೊಂದು ನೋಟಿಗೂ ಮುಂದಿನ ವ್ಯಕ್ತಿಗೆ ಹೊಂದೋ ಹಿಂಬದಿ ಕೊಟ್ಟರು. ಬ್ಯಾರೋಗೆ ಸ್ವಾತಂತ್ರ್ಯ ಚೌಕ, ಆಡಮ್ಸ್‌ಗೆ ಅವರ ಹೆಸರಿನ ವಿಮಾನ ನಿಲ್ದಾಣ, ಓನೀಲ್‌ಗೆ ಅವರ ಹೆಸರಿನ ಸೇತುವೆ, ಪ್ರೆಸ್ಕಾಡ್‌ಗೆ ಸಂಸತ್ ಭವನ, ವೊರೆಲ್‌ಗೆ ಆ ಮೈದಾನ. ಬಣ್ಣ ಬದಲಿಸಲಿಲ್ಲ, ಐದು ಅಂದರೆ ಹಸಿರೇ.

ಒಂದು ಮೋಜು. 2013ರ ನೋಟಿಗೆ ಸಹಿ ಹಾಕಿದ ಗವರ್ನರ್ ಹೆಸರು ಡಿಲೈಲ್ ವೊರೆಲ್. ಹಾಗಾಗಿ ಆ ವರ್ಷದ ಐದು ಡಾಲರಿನಲ್ಲಿ ಚಿತ್ರವೂ ವೊರೆಲ್, ಸಹಿಯೂ ವೊರೆಲ್. ಅವರ ನಂತರ ಬಂದ ಗವರ್ನರ್ ಹೇನ್ಸ್, 2023ರಲ್ಲಿ ಬಂದವರು ಗ್ರೀನಿಜ್. ಬ್ಯಾಂಕೋ ಬ್ಯಾಟಿಂಗ್ ಕ್ರಮಾಂಕವೋ ಅಂತ ಅನುಮಾನ ಬರ್ತದೆ.

ಹಳೇ ಆಫ್‌ಸ್ಪಿನ್ನರ್:

ಗ್ರೀನಿಜ್, ಹೇನ್ಸ್, ವೆಸ್ಟ್ ಇಂಡೀಸ್‌ನ ಆ ಆರಂಭಿಕ ಬ್ಯಾಟಿಂಗ್ ಜೋಡಿಯ ಹೆಸರು ಅಂದಾಕ್ಷಣ ನನ್ನ ಭುಜ ನೋಯ್ತದೆ. ಗಾರ್ಡನ್ ಗ್ರೀನಿಜ್ ಕೂಡ ಬಾರ್ಬಡೋಸ್ ಹುಡುಗ, ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, 1974ರ ನವೆಂಬರ್, ಚಿನ್ನಸ್ವಾಮಿ ಮೈದಾನದ ಮೊಟ್ಟಮೊದಲ ಟೆಸ್ಟ್. ವಿವಿಯನ್ ರಿಚರ್ಡ್ಸ್‌ಗೂ ಅದೇ ಮೊದಲು. ಮನೆಯಲ್ಲಿ ಸುಳ್ಳು ಹೇಳಿ ಹೋಗಿದ್ದೆ. ಮೈದಾನದ ಕಟ್ಟಡ ಇನ್ನೂ ಅರ್ಧಂಬರ್ಧ ಇತ್ತು.

ಅಂಚೆಚೀಟಿ ಅಕ್ಕ:

ಆ ಹಿಂಬದಿ ಚೌಕವನ್ನ ಇಷ್ಟು ಬೇಗ ಬಿಟ್ಟುಬಿಟ್ಟಿರಾ? ಅದರ ಹೆಸರು ಟ್ರಫಾಲ್ಗರ್ ಚೌಕ. ಲಂಡನ್ನಿನದಲ್ಲ, ಬ್ರಿಡ್ಜ್‌ಟೌನಿನದು. ಇಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ ಪ್ರತಿಮೆ ನಿಂತದ್ದು 1813ರಲ್ಲಿ, ಲಂಡನ್ನಿನ ಕಂಬದ ನೆಲ್ಸನ್‌ಗಿಂತ ಮೂವತ್ತು ವರ್ಷ ಮೊದಲು. ಆಗ ದ್ವೀಪದ ಕಬ್ಬಿನ ಗದ್ದೆಯಲ್ಲಿ ದುಡೀತಿದ್ದವರು ಗುಲಾಮರು. ಪ್ರತಿಮೆಗೆ ಚಂದಾ ಎತ್ತಿದವರು ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ. 1999ರಲ್ಲಿ ಚೌಕಕ್ಕೆ ರಾಷ್ಟ್ರೀಯ ವೀರರ ಚೌಕ ಅಂತ ಹೆಸರು ಬದಲಾಯ್ತು, ನೆಲ್ಸನ್ ಮಾತ್ರ ಅಲ್ಲೇ ನಿಂತಿದ್ದ. 2020ರ ನವೆಂಬರ್‌ನಲ್ಲಿ ಕೊನೆಗೂ ಇಳಿಸಿದರು. ಗೌಡ್ರ ನೋಟು ಅಚ್ಚಾದಾಗ ಚೌಕಕ್ಕೆ ಹೊಸ ಹೆಸರು ಬಂದಾಗಿತ್ತು, ನೆಲ್ಸನ್ ಇನ್ನೂ ಇಳಿದಿರಲಿಲ್ಲ. ನನಗೆ ನೋಟಿನ ಮುಂಬದಿಗಿಂತ ಈ ಹಿಂಬದಿಗೇ 900 ಕೊಡಬಹುದು ಅನ್ನಿಸ್ತದೆ. ಕೊಡಲ್ಲ, ಅನ್ನಿಸ್ತದೆ ಅಷ್ಟೇ.

ಕಬ್ಬಿನ ಗದ್ದೆ:

ಎರಡು ಡಾಲರಿನ ಕಬ್ಬಿನ ವಿಜ್ಞಾನಿ ಅಂದ್ರಲ್ಲ, ಅದನ್ನ ಯಾರೂ ಬಿಡಿಸಲಿಲ್ಲ, ನಾನೇ ಹೇಳ್ತೀನಿ. ಜಾನ್ ರೆಡ್ಮನ್ ಬೋವೆಲ್. ನಾವು ಕಬ್ಬು ಹಾಕೋದು ಹೆಂಗೆ? ಗೆಣ್ಣಿರೋ ತುಂಡು ನೆಡ್ತೀವಿ. ಸಾವಿರಾರು ವರ್ಷದಿಂದ ಹಂಗೇ. ತುಂಡಿನಿಂದ ತುಂಡು ಬಂದ್ರೆ ತಳಿ ಬದಲಾಗಲ್ಲ, ಒಂದು ರೋಗ ಬಂದ್ರೆ ಊರಿಗೂರೇ ಮಲಗ್ತದೆ. ಕಬ್ಬಿನ ಸೂಲಂಗಿಯಲ್ಲಿ ಮೊಳೆಯೋ ಬೀಜ ಇದೆ ಅಂತಲೇ ಜನ ನಂಬಿರಲಿಲ್ಲ. 1888ರ ಸುಮಾರಿಗೆ ಬಾರ್ಬಡೋಸ್‌ನ ಡಾಡ್ಸ್ ಅನ್ನೋ ಕಡೆ ಬೋವೆಲ್ ಮತ್ತು ಹ್ಯಾರಿಸನ್ ಬೀಜದಿಂದ ಹುಟ್ಟಿದ ಕಬ್ಬಿನ ಸಸಿ ತೋರಿಸಿದ್ರು. ಅದೇ ಹೊತ್ತಿಗೆ ಜಾವಾದಲ್ಲೂ ಇನ್ನೊಬ್ಬ ವಿಜ್ಞಾನಿ ಕಂಡುಕೊಂಡಿದ್ದ. ಬೀಜ ಇದ್ರೆ ತಾನೇ ತಳಿ ಬೆರೆಸೋಕಾಗೋದು? 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಬಂತು, ಅಲ್ಲಿಂದ ‘ಕೋ’ ಅಂತ ಶುರುವಾಗೋ ತಳಿಗಳು ಬಂದವು. ನಮ್ಮಪ್ಪ ಕೋ 62175 ಬಿಟ್ಟು ಬೇರೇದು ಹಾಕ್ತಿರಲಿಲ್ಲ.

ನನಗೆ ವೊರೆಲ್ ಬೇಡ, ಆ ಎರಡು ಡಾಲರ್ ಬೇಕು. ಯಾರ ಹತ್ರ ಇದೆ?

ಧಾರವಾಡ ಪೇಡೆ:

ನೋಡ್ರಿ, ನಮ್ಮ ದೇಶದಾಗ ಇಷ್ಟು ದೊಡ್ಡ ದೊಡ್ಡ ಕೃಷಿ ವಿಜ್ಞಾನಿಗಳು ಆಗಿಹೋದ್ರು, ಒಬ್ಬರರ ನೋಟಿನ ಮ್ಯಾಲೆ ಬಂದಾರೇನು? ಗಾಂಧಿ ಅಜ್ಜ ಒಬ್ಬಾವ ಎಲ್ಲಾ ಹೊರಬೇಕು. ಸೋಬರ್ಸ್ ವಿಷಯ ನಾ ಇನ್ನೂ ಬಿಟ್ಟಿಲ್ಲ ಮತ್ತ.

ಚಿಲ್ಲರೆಗೌಡ:

ಇನ್ನೆರಡು ಪ್ರಶ್ನೆ ಇದೆ, ಬೇಸರ ಮಾಡ್ಕೋಬೇಡಿ. ಈ ನೋಟು ಇಟ್ಟುಕೊಳ್ಳೋದು ಕಾನೂನು ಪ್ರಕಾರ ಸರಿಯಾ? ಎರಡನೇದು, ನೋಟು ತುಂಬಾ ನಯವಾಗಿದೆ, ಇಸ್ತ್ರಿ ಹಾಕಿದ ಪಂಚೆ ಥರ. ಅದು ಒಳ್ಳೇದೇ ತಾನೇ? ನಮ್ಮ ಭಾವ ಲ್ಯಾಮಿನೇಟ್ ಮಾಡಿಸು, ನೂರು ವರ್ಷ ಇರ್ತದೆ ಅಂತಿದ್ದಾನೆ.

ಕಾಗದದ ಕಾಸು:

ಲ್ಯಾಮಿನೇಟ್! ಭಾವನನ್ನ ಆ ನೋಟಿನಿಂದ ಹತ್ತು ಅಡಿ ದೂರ ಇಡಿ. ಆ ಬಿಸಿ ಅಂಟು ಒಮ್ಮೆ ಕೂತರೆ ಮುಗೀತು, ಬಿಡಿಸೋ ಹಾಗಿಲ್ಲ, ಸಂಗ್ರಹದ ಬೆಲೆ ಸೊನ್ನೆ.

ಕಾನೂನಿಗೆ ತೀರಾ ಭಯ ಬೇಡ. ವಿದೇಶಿ ನೋಟು 2000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು, ಆದರೆ ಅದು ಕೈಗೆ ಹೇಗೆ ಬಂತು ಅನ್ನೋದಕ್ಕೂ ಷರತ್ತುಗಳಿವೆ. ನಿಮ್ಮದು ಎರಡೂವರೆ.

ಇಸ್ತ್ರಿ ಪಂಚೆ ಅಂದ್ರಲ್ಲ, ಅಲ್ಲೇ ನನಗೆ ಅನುಮಾನ. ಬೆರಳ ತುದಿಯನ್ನ ಚಿತ್ರದ ಮೇಲೆ, ಬ್ಯಾಂಕಿನ ಹೆಸರಿನ ಮೇಲೆ ಮೆಲ್ಲಗೆ ಆಡಿಸಿ. ಆ ಭಾಗ ಅಚ್ಚಾಗೋದು ಕೊರೆದ ತಗಡಿನಿಂದ, ಭಾರಿ ಒತ್ತಡದಲ್ಲಿ. ಮಸಿ ಉಬ್ಬಿ ನಿಂತಿರಬೇಕು, ಕಾಗದದ ಹಿಂದೆಯೂ ಸ್ವಲ್ಪ ತಗ್ಗು ಗೊತ್ತಾಗಬೇಕು. ಅದು ಚಪ್ಪಟೆಯಾಗಿದ್ದರೆ ಹಳೇ ನೋಟನ್ನ ಒದ್ದೆ ಮಾಡಿ ಭಾರ ಹೇರಿ ಒಣಗಿಸಿದ್ದಾರೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನ ಓರೆಯಾಗಿ, ನೋಟಿಗೆ ಸಮಾನಾಂತರವಾಗಿ ಹಿಡೀರಿ. ಮಡಿಕೆಯ ಹಳೇ ಗೆರೆ ಹೊಲದ ಬದುವಿನ ಹಾಗೆ ಎದ್ದು ಕಾಣ್ತದೆ. ಎಷ್ಟು ಒತ್ತಿದರೂ ಮುರಿದ ನಾರು ಮತ್ತೆ ಕೂಡಲ್ಲ.

ಆಲ್ಬಂ ಕೂಡ ನೋಡಿ ಕೊಳ್ಳಿ. ಮೆತ್ತಗೆ, ಒಂಥರಾ ವಾಸನೆ ಬರೋ ಪ್ಲಾಸ್ಟಿಕ್ ಹಾಳೆ ಪಿವಿಸಿ, ಕೆಲ ವರ್ಷಕ್ಕೆ ಬೆವರಿ ನೋಟಿಗೆ ಅಂಟ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆ ಕೇಳಿ ತಗೊಳ್ಳಿ.

ಕಡಲ ಮಾಣಿ:

ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಕಾಗದಕ್ಕೆ ಕಂದು ಚುಕ್ಕೆ ಬರ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ನನ್ನ ಹಳೇ ನೋಟು ಹತ್ತಾರು ಹಾಗೇ ಹಾಳಾದವು. ಈಗಿನ ಪ್ಲಾಸ್ಟಿಕ್ ನೋಟಿಗೆ ಆ ರಗಳೆ ಇಲ್ಲ. 2022ರ ಡಿಸೆಂಬರ್‌ನಿಂದ ಬಾರ್ಬಡೋಸ್‌ನಲ್ಲಿ ಹೊಸ ನೋಟೆಲ್ಲ ಪಾಲಿಮರ್. ಸಮುದ್ರಕ್ಕೆ ಬಿದ್ದವನ ಜೇಬಿನಲ್ಲಿದ್ದರೂ ವೊರೆಲ್ ನಗ್ತಾ ಬರ್ತಾರೆ.

ಕಾಗದದ ಕಾಸು:

ಪಾಲಿಮರ್ ಅಂದಾಗ ಮೈಸೂರಿನವನಾದ ನನಗೆ ಸಣ್ಣ ಹೊಟ್ಟೆಕಿಚ್ಚು. ನಮ್ಮ ಹತ್ತು ರೂಪಾಯಿಯನ್ನ ಪ್ಲಾಸ್ಟಿಕ್‌ನಲ್ಲಿ ಐದು ಊರಲ್ಲಿ ಪರೀಕ್ಷೆಗೆ ಬಿಡ್ತೀವಿ ಅಂತ ಹೇಳಿದ್ದರಲ್ಲ, ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರ, ಮತ್ತೆ ಮೈಸೂರು. ನೋಟು ಅಚ್ಚು ಹಾಕೋ ಊರು ಅಂತ ಕಾದೆವು. ಬರಲೇ ಇಲ್ಲ.

ಚಿಲ್ಲರೆಗೌಡ:

ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದೆ. ನಡುವೆ ಒಂದು ಉದ್ದ ಗೆರೆ, ಬಲಗಡೆ ವೊರೆಲ್ ಕಿವಿ ಪಕ್ಕ ಇನ್ನೊಂದು. ಬೆರಳಿಗೂ ಉಬ್ಬು ಸಿಗಲಿಲ್ಲ. ಒತ್ತಿದ್ದೇ. ಭಾವ ಪಕ್ಕದಲ್ಲೇ ನಿಂತು “ನಾನು ಹೇಳಿದ್ದೆ” ಅಂದ. ಏನು ಹೇಳಿದ್ದ ಅಂತ ಅವನಿಗೂ ಗೊತ್ತಿಲ್ಲ.

ವಾಪಸು ಕೊಡೋಕೆ ಹೋಗಲ್ಲ. ರತ್ನಗಂಧಿ ಮತ್ತೆ ಆಲದ ಬಿಳಲು ನೋಡಿದ ಮೇಲೆ ಕೊಡೋ ಮನಸ್ಸಿಲ್ಲ. ಆದರೆ ಮಾಣಿಯವರೆ, ಹಡಗಿನಲ್ಲಿರೋ ನಿಮ್ಮ ಸ್ನೇಹಿತರು ಯಾರಾದರೂ ಆ ಕಡೆ ಹೋಗ್ತಾರಾ? ಚಿತ್ರವೂ ಸಹಿಯೂ ವೊರೆಲ್ ಇರೋ 2013ರ ಐದು ಡಾಲರ್ ಒಂದು, ಗದ್ದೆಯವರಿಗೆ ಎರಡು ಡಾಲರ್ ಒಂದು. ದುಡ್ಡು ಮೊದಲೇ ಕಳಿಸ್ತೀನಿ.

ಕಡಲ ಮಾಣಿ:

ನನ್ನ ತಮ್ಮ ನವೆಂಬರ್‌ನಲ್ಲಿ ಹಡಗು ಹತ್ತುತ್ತಾನೆ. ಕಾಗದದ್ದು ಈಗ ಅಂಗಡಿಯಲ್ಲಿ ಸಿಗೋದು ಕಡಿಮೆ ಆಗಿರಬಹುದು, ಆದ್ರೂ ಹುಡುಕಲು ಹೇಳ್ತೇನೆ. ದುಡ್ಡು ಬಂದ ಮೇಲೆ ಕೊಟ್ಟರೆ ಸಾಕು, ಎರಡೂವರೆ ಡಾಲರಿಗೆ ಎಂಥ ಮುಂಗಡ.

ಕಾಗದದ ಕಾಸು:

ತಮ್ಮನಿಗೆ ಹೇಳಿ, ಪರ್ಸಿನಲ್ಲಿ ಮಡಚಿ ಇಟ್ಟುಕೊಳ್ಳಬೇಡ ಅಂತ. ಪುಸ್ತಕದ ನಡುವೆ.

ಕಡಲ ಮಾಣಿ:

ಅವ ಪುಸ್ತಕ ತಗೊಂಡು ಹೋಗುವವ ಅಲ್ಲ. ಪಾಸ್‌ಪೋರ್ಟ್ ಒಳಗೆ ಇಡ್ಲಿಕ್ಕೆ ಹೇಳ್ತೇನೆ.